ಅಡೆಲ್ಮೊ ತನ್ನ ಬೀಗಿತ್ತಿಯನ್ನು ಹೊರಗಡೆ ಊಟಕ್ಕೆ ಕರೆದೊಯ್ದದ್ದು

ಇಟಲಿಯ ನಮ್ಮ ಬೊಲೊನ್ಯದಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಯೋಗ್ಯತೆ ಅಡೆಲ್ಮೊ ತರೋಝಿಗಿಂತ ಕಡಿಮೆ ಇದ್ದವನು ಊರಿನಲ್ಲೇ ಇರಲಿಲ್ಲ. ಆದರೆ ಉತ್ತರ ಕೊಡಲು ಮೊದಲು ಎದ್ದು ನಿಲ್ಲುತ್ತಿದ್ದವನೂ ಅವನೇ.

ನನ್ನ ಹೆಸರು ಒರೆಸ್ತೆ. ಬೀದಿಯುದ್ದಕ್ಕೂ ಇರುವ ಕಮಾನುಸಾಲಿನ ಕೆಳಗೆ ನನ್ನದೊಂದು ಕ್ಷೌರದಂಗಡಿ. ಅದರ ಮೇಲೆ ಎರಡನೇ ಮಹಡಿಯಲ್ಲಿ ಅಡೆಲ್ಮೊನ ಮನೆ. ಅವನು ನಗರಸಭೆಯಲ್ಲಿ ಕಳೆದುಹೋದ ವಸ್ತುಗಳ ಕಚೇರಿಯ ಗುಮಾಸ್ತ. ಜನ ಬಸ್ಸಿನಲ್ಲಿ ಮರೆತು ಹೋದ ಛತ್ರಿಗಳಿಗೆ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತಂತಿಯಲ್ಲಿ ಕಟ್ಟಿ ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಮದುವೆಯಾಗಿ ಮೂವತ್ತೊಂದು ವರ್ಷ. ಈ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅವನು ಮಧ್ಯಾಹ್ನದ ಊಟ ಹೊರಗೆ ಮಾಡಿದವನಲ್ಲ. ಹನ್ನೆರಡೂವರೆಗೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದ. ಹೆಂಡತಿ ನೊರ್ಮಾ ಬಡಿಸುತ್ತಿದ್ದಳು. ಅವನು ಪತ್ರಿಕೆಯ ಫುಟ್‌ಬಾಲ್ ಪುಟವನ್ನು ನೀರಿನ ಹೂಜಿಗೆ ಒರಗಿಸಿಟ್ಟು ಓದುತ್ತಾ ತಿಂದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದ.

ಆದರೂ ಪ್ರವಾಸಿಗಳು ನನ್ನ ಅಂಗಡಿ ಮುಂದೆ ನಿಂತು ನಕ್ಷೆ ಬಿಡಿಸಿದರೆ ಸಾಕು, ಕೆನ್ನೆಯ ಮೇಲೆ ಸೋಪಿನ ನೊರೆ ಇರುವಂತೆಯೇ ಅಡೆಲ್ಮೊ ಕುರ್ಚಿಯಿಂದೆದ್ದು ಹೊರಗೆ ಹೋಗುತ್ತಿದ್ದ. ಎಡಗಡೆ ಎರಡನೇ ಸಂದಿನಲ್ಲಿ ಕಡುಬಿನ ಸಾರು ತಿನ್ನಿ, ಮಾರುಕಟ್ಟೆ ಹಿಂದೆ ಹಂದಿಮಾಂಸ ತಿನ್ನಿ, ನಮ್ಮೂರಿನದಲ್ಲದ ಸ್ಪಗೆಟ್ಟಿಗೆ ನಮ್ಮೂರ ಹೆಸರು ಹಚ್ಚಿ ಮಾರುವವನ ಅಂಗಡಿಯಿಂದ ಓಡಿಬನ್ನಿ ಎಂದು ಅಪ್ಪಣೆ ಕೊಡಿಸುತ್ತಿದ್ದ. ಇದೆಲ್ಲ ಅವನಿಗೆ ಹೇಗೆ ಗೊತ್ತು ಎಂದರೆ, ಕಚೇರಿಗೆ ಹೋಗಿಬರುವ ದಾರಿಯಲ್ಲಿ ಕಿಟಕಿಗಳೊಳಗೆ ಇಣುಕಿ ಗೊತ್ತು. ಪ್ರವಾಸಿಗಳಲ್ಲಿ ಒಂದು ದೊಡ್ಡ ಗುಣವಿದೆ. ಊಟ ಕೆಟ್ಟಿದ್ದರೆ ಜಗಳಕ್ಕೆಂದು ವಾಪಸು ಬರುವುದಿಲ್ಲ, ರೈಲು ಹತ್ತಿ ಹೋಗಿಬಿಡುತ್ತಾರೆ. ಹೀಗಾಗಿ ಅಡೆಲ್ಮೊನ ಕೀರ್ತಿಗೆ ಧಕ್ಕೆ ಬಂದಿರಲಿಲ್ಲ.

ಧಕ್ಕೆ ಬಂದದ್ದು ಮೊಡೆನಾದಿಂದ. ಮೊಡೆನಾ ನಮಗೆ ನಲವತ್ತು ಕಿಲೋಮೀಟರು ದೂರ. ಅಲ್ಲಿಯವರು ನಮಗಿಂತ ಚೆನ್ನಾಗಿ ಅಡುಗೆ ಮಾಡುತ್ತೇವೆಂದು ನಂಬಿದ್ದಾರೆ. ನಾವೂ ಅವರ ಬಗ್ಗೆ ಕರುಣೆಯಿಂದಲೇ ಮಾತಾಡುತ್ತೇವೆ. ಅಡೆಲ್ಮೊನ ಒಬ್ಬಳೇ ಮಗಳು ಮಿರೆಲ್ಲ ಆ ಊರಿನ ಹುಡುಗನನ್ನೇ ಮೆಚ್ಚಿದಳು. ಹುಡುಗ ಫೌಸ್ತೊ ಸಾಧು ಪ್ರಾಣಿ. ಅವನ ತಾಯಿ ಎರ್ಸಿಲಿಯ ಹಾಗಲ್ಲ. ಆಕೆ ವಿಧವೆ, ಮನೆಯ ಅಟ್ಟದಲ್ಲಿ ವಿನಿಗರನ್ನು ವರ್ಷಗಟ್ಟಲೆ ಮಾಗಿಸುವ ಮನೆತನದವಳು. ಇಪ್ಪತ್ತೈದು ವರ್ಷ ಕಾಯದೆ ಯಾವುದನ್ನೂ ಚೆನ್ನಾಗಿದೆ ಎಂದು ಒಪ್ಪದವಳು.

ಮದುವೆಯ ಊಟ ಹೆಣ್ಣಿನ ಊರಿನಲ್ಲಿ ಆಗಬೇಕು ಎನ್ನುವುದು ಅಡೆಲ್ಮೊನ ಆಸೆ. ಆಕೆ ಫೋನಿನಲ್ಲಿ, ಅದೇನೋ ಸರಿ, ಆದರೆ ಬೊಲೊನ್ಯದಲ್ಲಿ ಊಟ ಮಾಡುವುದಾದರೂ ಎಲ್ಲಿ ಎಂದು ಕೇಳಿದಳಂತೆ. ಬೈದಿದ್ದರೆ ಅಡೆಲ್ಮೊ ಸಹಿಸುತ್ತಿದ್ದ. ಆಕೆ ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು, ಅದು ಅವನ ಎದೆಗೆ ನಾಟಿತು. ಶನಿವಾರ ಮಧ್ಯಾಹ್ನ ಬನ್ನಿ, ನಾನು ಖಾಯಮ್ಮಾಗಿ ಹೋಗುವ ಜಾಗಕ್ಕೆ ಕರೆದೊಯ್ಯುತ್ತೇನೆ, ತಿಂದು ನೋಡಿ ತೀರ್ಮಾನ ಮಾಡಿ ಎಂದುಬಿಟ್ಟ. ಊಟ ಹಿಡಿಸಿದರೆ ಮದುವೆ ಊಟ ಇಲ್ಲಿ, ಇಲ್ಲದಿದ್ದರೆ ಮೊಡೆನಾದಲ್ಲಿ ಎಂದು ಮಾತಾಯಿತು. ಮಗಳ ಮದುವೆಯ ದಿನ ಮೊಡೆನಾಕ್ಕೆ ಹೋಗಿ ಅತಿಥಿಯಂತೆ ಮೂಲೆಯಲ್ಲಿ ಕೂತು ತಿನ್ನಬೇಕಾದರೆ, ಆಮೇಲೆ ನಮ್ಮ ಕಮಾನುಸಾಲಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಈ ಮಾತುಕತೆಯಲ್ಲಿ ಅವನು ಒಬ್ಬರನ್ನು ಮರೆತಿದ್ದ. ಬೀಗಿತ್ತಿ ಬರುತ್ತಾಳೆಂಬ ಸುದ್ದಿ ಕೇಳಿದ ಕೂಡಲೇ ನೊರ್ಮಾ ಶುಕ್ರವಾರವೇ ಮಾಂಸದ ಗೊಜ್ಜನ್ನು ಸಣ್ಣ ಉರಿಯಲ್ಲಿ ಕೂರಿಸಿದ್ದಳು. ಪಾಲಕ್ ಬೆರೆಸಿದ ಹಸಿರು ಹಿಟ್ಟನ್ನು ಬೆಳಕು ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಹಾಳೆಗಳನ್ನು ಮಂಚದ ಮೇಲೆಲ್ಲ ಹರಡಿದ್ದಳು. ಅಡೆಲ್ಮೊ ಮಂಚ ನೋಡಿ, ನೀನ್ಯಾಕೆ ಸುಮ್ಮನೆ ದಣಿಯುತ್ತೀ, ಮನೆ ಊಟ ಯಾರ ಮನೆಯಲ್ಲಿಲ್ಲ, ಅವರಿಗೆ ನಮ್ಮೂರಿನ ನಿಜವಾದ ಊಟ ತೋರಿಸಬೇಕು ಎಂದ. ನೊರ್ಮಾ ಏನೂ ಮಾತಾಡಲಿಲ್ಲ. ಹೆಂಡತಿಗೆ ಸಂತೋಷದಿಂದ ಮಾತೇ ಹೊರಡಲಿಲ್ಲವೆಂದು ಅವನು ಮರುದಿನ ನನ್ನ ಹತ್ತಿರ ಹೇಳಿಕೊಂಡ. ಆಗ ಅವನ ಗಂಟಲ ಮೇಲೆ ನನ್ನ ಕತ್ತಿ ಇತ್ತು, ಆದ್ದರಿಂದ ನಾನೂ ಏನೂ ಮಾತಾಡಲಿಲ್ಲ.

ಶನಿವಾರ ಹನ್ನೆರಡಕ್ಕೆ ನೊರ್ಮಾಗೆ ತಲೆನೋವು ಬಂತು. ಬರುವುದಿಲ್ಲ, ನೀವೇ ಹೋಗಿ ಎಂದಳು. ಮಿರೆಲ್ಲ ಅತ್ತು ಕರೆದರೂ ಕದಲಲಿಲ್ಲ. ತಂದೆ ಮಗಳು ರೈಲು ನಿಲ್ದಾಣಕ್ಕೆ ಹೊರಟು ಬೀದಿಯ ತಿರುವು ದಾಟಿದ್ದೇ ತಡ, ತಲೆನೋವಿನ ರೋಗಿ ಕಿಟಕಿಯಿಂದ ನನ್ನನ್ನು ಕೂಗಿದಳು.

"ಒರೆಸ್ತೆ, ಮಧ್ಯಾಹ್ನ ಎಲ್ಲಿ ನಿನ್ನ ಊಟ?"

ಶನಿವಾರ ಅಂಗಡಿ ಮುಚ್ಚಿ ನಾನೂ ನನ್ನ ಗೆಳೆಯ ಪ್ರೀಮೊನೂ ಸಾಂತೆಯ ವೈನಿನಂಗಡಿಯಲ್ಲಿ ಬ್ರೆಡ್ಡು ಕಡಿದು ಇಸ್ಪೀಟಾಡುವುದು ಬೀದಿಗೆಲ್ಲ ಗೊತ್ತಿರುವ ವಿಷಯ. ಅದನ್ನೇ ಹೇಳಿದೆ. ಮೇಲೆ ಬಾ ಎಂದಳು. ಒಲೆಯಿಂದ ಆಗ ತಾನೇ ತೆಗೆದ ಒಂದು ಅಗಲವಾದ ಟ್ರೇಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಹಸಿರು ಹಾಳೆ, ಗೊಜ್ಜು, ಹಾಲಿನ ಗಂಜಿ, ಚೀಸು ಎಂದು ಪದರ ಪದರವಾಗಿ ಬೆಂದ ಲಸಾನ್ಯ, ಎಂಟು ಜನಕ್ಕಾಗುವಷ್ಟು.

"ತಗೊಂಡೋಗಿ ತಿನ್ರಿ. ಇದು ನನ್ನ ಕಣ್ಣೆದುರಿಗೆ ಇರಬಾರದು. ಟ್ರೇ ಮಾತ್ರ ಒಂದೂವರೆಗೆ ವಾಪಸ್ ಬರ್ಬೇಕು."

ನಾನು ಬೇಡ ಎನ್ನಬಹುದಿತ್ತು. ಆದರೆ ಕಂಬಳಿಯೊಳಗಿಂದ ಬರುತ್ತಿದ್ದ ವಾಸನೆಗೆ ನನ್ನ ನ್ಯಾಯಬುದ್ಧಿ ಸೋತಿತು.

ಸಾಂತೆಯ ಅಂಗಡಿಯ ಪದ್ಧತಿ ಊರಿನಲ್ಲಿ ಅಡೆಲ್ಮೊ ಒಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಸಾಂತೆ ವೈನು ಮಾರುತ್ತಾನೆ, ಬೇರೇನೂ ಮಾರುವುದಿಲ್ಲ. ಅವನ ಅಜ್ಜನೂ ಮಾರಲಿಲ್ಲ. ಊಟ ಬೇಕಾದವರು ಮನೆಯಿಂದಲೋ ಮಾರುಕಟ್ಟೆಯಿಂದಲೋ ಪೊಟ್ಟಣ ಕಟ್ಟಿ ತಂದು, ಉದ್ದ ಬೆಂಚಿನ ಮೇಲೆ ಕೂತು ತಿನ್ನಬೇಕು. ಲೋಟವನ್ನು ಅವನೇ ಕೊಡುತ್ತಾನೆ. ಮೇಜಿನ ತುದಿಯಲ್ಲಿ ತಟ್ಟೆ ಮತ್ತು ಮುಳ್ಳುಚಮಚಗಳ ರಾಶಿ ಇರುತ್ತದೆ. ಹೊರಗೆ ಬೋರ್ಡಿನ ಮೇಲೆ 'ವೈನು' ಎಂದಷ್ಟೇ ಬರೆದಿದೆ.

ನಾವು ಕಂಬಳಿ ಬಿಚ್ಚಿ, ಟ್ರೇಯನ್ನು ಮೇಜಿನ ನಡುವೆ ಇಟ್ಟು, ಚಾಕು ಹಾಕಿ ತುಂಡು ಮಾಡಿದೆವು. ನಮ್ಮಿಬ್ಬರ ತಟ್ಟೆಗೆ ಒಂದೊಂದು ತುಂಡು ಬಿದ್ದಿತ್ತು, ಅಷ್ಟೆ. ಬಾಗಿಲಿನಿಂದ ಪರಿಚಿತವಾದ ದನಿ ಕೇಳಿಸಿತು. ಅಡೆಲ್ಮೊ ಟೋಪಿ ತೆಗೆದು, ಸ್ವಂತ ಅರಮನೆಗೆ ಕರೆತಂದವನ ಗತ್ತಿನಲ್ಲಿ ಬೀಗಿತ್ತಿಗೆ ದಾರಿ ಬಿಡುತ್ತಿದ್ದ. ಹಿಂದೆ ಫೌಸ್ತೊ, ಅವನ ಹಿಂದೆ ಅಳುಮೋರೆಯ ಮಿರೆಲ್ಲ.

ಇಪ್ಪತ್ತು ವರ್ಷ ಆ ಕಿಟಕಿಯಲ್ಲಿ ಇಣುಕಿದವನು ಅವನು. ತುಂಬಿದ ತಟ್ಟೆಗಳು, ನಗುವ ಜನ, ಬೋರ್ಡಿನ ಮೇಲೆ ಒಂದೇ ಮಾತು. ಇಷ್ಟು ವಿನಯದ ಹೋಟೆಲು ಎಂದರೆ ಒಳಗಿನ ಅಡುಗೆ ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕಿದ್ದ. ಖಾಲಿ ಜಾಗ ಇದ್ದದ್ದು ನಮ್ಮ ಮೇಜಿನಲ್ಲಿ ಮಾತ್ರ. ನನ್ನನ್ನು ಕಂಡು, ಬಾಯಿ ಬಿಡಬೇಡ ಎಂಬಂತೆ ಕಣ್ಣು ಮಿಟುಕಿಸಿ, ಬಾಗಿಲಿಗೆ ಬೆನ್ನು ಹಾಕಿ ಎದುರಿಗೆ ಕೂತ. ಆಮೇಲೆ ಸಾಂತೆಯ ಕಡೆ ಕೈಯೆತ್ತಿ, ನನಗೆ ಯಾವಾಗಲೂ ಕೊಡುವುದನ್ನೇ ಕೊಡು ಎಂದ. ಅವನ ಮುಖವನ್ನು ಜನ್ಮದಲ್ಲಿ ನೋಡಿರದ ಸಾಂತೆ, ಕೆಂಪೋ ಬಿಳಿಯೋ ಎಂದು ಕೇಳಿದ. "ನಿನಗೆ ಗೊತ್ತಲ್ಲ" ಎಂದ ಅಡೆಲ್ಮೊ. ಸಾಂತೆ ಎರಡನ್ನೂ ತಂದಿಟ್ಟು ಹೋದ.

ಎರ್ಸಿಲಿಯ ಕೈಗವಸು ಕಳಚಿ, ಊಟದ ಪಟ್ಟಿ ಎಲ್ಲಿ ಎಂದು ಕೇಳಿದಳು. ಪಟ್ಟಿಗಿಟ್ಟಿ ಇಂಥ ಜಾಗದಲ್ಲಿ ಇರುವುದಿಲ್ಲ, ಅವತ್ತು ಮಾಡಿದ್ದನ್ನು ತಂದಿಡುತ್ತಾರೆ ಎಂದ ಅಡೆಲ್ಮೊ. ಅದು ಆಕೆಗೆ ಮೆಚ್ಚಿಗೆಯಾಯಿತು. ಪಟ್ಟಿ ಅಚ್ಚು ಹಾಕಿಸುವವರು ಹಾಳೆ ಲಟ್ಟಿಸುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟಳು. ಹತ್ತು ನಿಮಿಷ ಕಳೆಯಿತು. ಯಾರೂ ಏನೂ ತಂದಿಡಲಿಲ್ಲ. ಅಡೆಲ್ಮೊನ ಹಣೆಯ ಮೇಲೆ ಬೆವರು ಮೂಡಿತು. ಆಗ ಅವನ ಕಣ್ಣು ಮೇಜಿನ ನಡುವಿನ ಟ್ರೇಯ ಮೇಲೆ ಬಿತ್ತು, ಆಮೇಲೆ ತಟ್ಟೆಗಳ ರಾಶಿಯ ಮೇಲೆ. ಒಂದು ಮೇಜಿಗೆ ಒಂದು ಟ್ರೇ, ಬೇಕಾದವರು ಬಡಿಸಿಕೊಳ್ಳುವುದು! ಅವನ ಮುಖ ಅರಳಿತು.

"ತಣ್ಣಗಾಗೋಕೆ ಬಿಟ್ರೆ ಅಡುಗೆಯವ್ರಿಗೆ ಬೇಜಾರಾಗುತ್ತೆ, ಸಿನ್ಯೋರಾ" ಎಂದು, ನಮ್ಮ ಟ್ರೇಯನ್ನು ಹತ್ತಿರ ಎಳೆದು ಬೀಗಿತ್ತಿಗೆ ದೊಡ್ಡ ತುಂಡನ್ನೇ ಬಡಿಸಿದ.

ಪ್ರೀಮೊ ಬಾಯಿ ತೆರೆದ. ಅವನು ಮೂವತ್ತು ವರ್ಷ ಬಸ್ಸು ಓಡಿಸಿದವನು, ಅಡ್ಡ ಬಂದವರಿಗೆ ಏನನ್ನಬೇಕೆಂದು ಅವನಿಗೆ ಗೊತ್ತು. ನಾನು ಮೇಜಿನ ಕೆಳಗೆ ಅವನ ಮೊಣಕಾಲಿಗೆ ಒದ್ದೆ. ಮಿರೆಲ್ಲ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಪಾಪ, ಹುಡುಗಿ ತಲೆ ತಗ್ಗಿಸಿದಳು. ಈಗ ಬಾಯಿಬಿಟ್ಟರೆ ಮದುವೆ ಊಟ ಮೊಡೆನಾಕ್ಕೆ ಹೋಯಿತೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರ್ಸಿಲಿಯ ತಕ್ಷಣ ತಿನ್ನಲಿಲ್ಲ. ಮುಳ್ಳುಚಮಚದ ತುದಿಯಿಂದ ಅಂಚನ್ನು ಬಿಡಿಸಿ ಪದರ ಎಣಿಸಿದಳು. ಏಳು. ಮೂಸಿದಳು. ಆಮೇಲೆ ತಿಂದಳು, ಯಾರನ್ನೂ ನೋಡದೆ, ಕೊನೆಯ ತುಣುಕಿನವರೆಗೂ. ನಮ್ಮ ಅಕ್ಕಪಕ್ಕದ ಮೇಜಿನವರಿಗೆ ಅಷ್ಟರಲ್ಲಿ ವಿಷಯ ತಿಳಿದುಹೋಗಿತ್ತು. ಬೇರೆಯವರ ಟ್ರೇಗೆ ಕೈಹಾಕಿದವನನ್ನು ಆ ಅಂಗಡಿ ನೂರು ವರ್ಷದಲ್ಲಿ ಕಂಡಿರಲಿಲ್ಲ. ಇಸ್ಪೀಟು ಕೆಳಗಿಟ್ಟು ಎಲ್ಲರೂ ಈ ಕಡೆ ತಿರುಗಿ ಕೂತರು.

"ಇದನ್ನ ಮಾಡಿದವಳ ತಾಯಿ ಮೊಡೆನಾದವಳೇ ಇರ್ಬೇಕು" ಎಂದಳು ಎರ್ಸಿಲಿಯ, ಮತ್ತು ತಟ್ಟೆ ಮುಂದೆ ಚಾಚಿದಳು.

ಮೊಡೆನಾದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದನ್ನು ಯಾರೂ ಕೇಳಿಲ್ಲ. ಅಡೆಲ್ಮೊ ಉಬ್ಬಿಹೋದ. ಅವನೂ ತಿನ್ನುತ್ತಿದ್ದ, ಎದುರಿಗೆ ಫುಟ್‌ಬಾಲ್ ಪುಟ ಇಲ್ಲದೆ, ಬಾಯಿಗೆ ಏನು ಹೋಗುತ್ತಿದೆ ಎಂದು ಗಮನಿಸುತ್ತಾ ತಿಂದದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಅವನ ಕಣ್ಣಲ್ಲಿ ನೀರು ತುಂಬಿತು. ಆ ನೀರು ನಿಜವಾದದ್ದೇ ಎಂದು ನಾನು ಸಾಕ್ಷಿ ಹೇಳಬಲ್ಲೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಲ್ಲಿನ ಅಡುಗೆಯವರನ್ನು ಮೂವತ್ತು ವರ್ಷದಿಂದ ಬಲ್ಲೆ ಎಂದ. ಊರಿನಲ್ಲಿ ಇನ್ನೊಂದು ಇಂಥ ಕೈ ಇಲ್ಲವೆಂದ. ಆಮೇಲೆ ಮೈಮರೆತು ಇದನ್ನೂ ಹೇಳಿದ:

"ನಮ್ಮ ನೊರ್ಮಾ ಒಳ್ಳೆಯವಳು, ಸಿನ್ಯೋರಾ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದೆಲ್ಲ ಅವಳಿಗೆ ಬರೋದಿಲ್ಲ."

ಮಿರೆಲ್ಲಳಿಗೆ ವೈನು ನೆತ್ತಿಗೆ ಹತ್ತಿತು. ಫೌಸ್ತೊ ಅವಳ ಬೆನ್ನು ತಟ್ಟಿದ. ಪ್ರೀಮೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಎರ್ಸಿಲಿಯ ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟಳು. ಮದುವೆಯ ಊಟ ಬೊಲೊನ್ಯದಲ್ಲೇ ಆಗಲಿ, ಆದರೆ ಈ ಕೈಯ ಅಡುಗೆಯೇ ಆಗಬೇಕು. ಅಡುಗೆಯವರನ್ನು ಈಗಲೇ ಕಂಡು ಮಾತಾಡಿಬಿಡುತ್ತೇನೆ ಎಂದಳು. ಸಿಗದಿದ್ದರೆ ಮೊಡೆನಾ ಇದ್ದೇ ಇದೆ.

ಮೂವತ್ತು ವರ್ಷದ ಪರಿಚಯ ಎಂದವನು ಹಿಂದೆಗೆಯುವುದು ಹೇಗೆ? ಅಡೆಲ್ಮೊ ಎದ್ದು, ಅಡುಗೆಮನೆ ಹುಡುಕಿಕೊಂಡು ಹಿಂದಿನ ಬಾಗಿಲು ತೆರೆದ. ಪೀಪಾಯಿಗಳಿದ್ದವು. ಇನ್ನೊಂದು ಬಾಗಿಲು ತೆರೆದ. ಒಳಗಿದ್ದವರು ಕೋಪದಿಂದ ಅದನ್ನು ಮುಚ್ಚಿಕೊಂಡರು. ಅವನು ವಾಪಸು ಬಂದು, ಅಡುಗೆಯವರಿಗೆ ತುಂಬ ನಾಚಿಕೆ ಸ್ವಭಾವ ಎಂದ. ಸಾಂತೆಗೆ ಅಲ್ಲಿಯವರೆಗೆ ಇದ್ದ ತಾಳ್ಮೆ ಮುಗಿಯಿತು.

"ಯಾವ ಅಡುಗೆಯವ್ರು ಸ್ವಾಮಿ? ನನ್ನ ಅಂಗಡೀಲಿ ಒಲೆನೇ ಇಲ್ಲ. ನೀವು ಇಷ್ಟೊತ್ತು ತಿಂದಿದ್ದು ಒರೆಸ್ತೆ ಊಟ."

ಎರ್ಸಿಲಿಯ ಮುಳ್ಳುಚಮಚವನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಕೈಗವಸು ಹಾಕಿಕೊಳ್ಳುತ್ತಾ, ಯಾರು ಮಾಡಿದ್ದು ಎಂದು ಕೇಳಿದಳು. ಹೇಳದಿದ್ದರೆ ಮದುವೆಯ ಊಟ ರೈಲು ಹತ್ತುತ್ತದೆ. ಹೇಳಿದರೆ, ಅವನು ಹೆಂಡತಿಯ ಬಗ್ಗೆ ಆಡಿದ ಮಾತು ಸಂಜೆಯೊಳಗೆ ನೊರ್ಮಾಳ ಕಿವಿ ಮುಟ್ಟುತ್ತದೆ. ಆಮೇಲೆ ಅಡೆಲ್ಮೊ ಉಳಿದ ಆಯುಷ್ಯವನ್ನೆಲ್ಲ ಹೊರಗೇ ಊಟ ಮಾಡಬೇಕಾಗುತ್ತದೆ.

ಅಡೆಲ್ಮೊನ ಮುಖ ಸುಣ್ಣದಂತಾಗಿತ್ತು. ಕ್ಷಮಿಸು ಒರೆಸ್ತೆ, ಗೊತ್ತಾಗಲಿಲ್ಲ ಎನ್ನುತ್ತಾ, ಟ್ರೇಯನ್ನು ನನಗೆ ವಾಪಸು ಕೊಡಲು ಎತ್ತಿದ. ಅವನ ಬೆರಳಿಗೆ ಹಿಡಿಕೆಯ ತಂತಿ ಸಿಕ್ಕಿತು. ಮುರಿದ ಹಿಡಿಕೆಯನ್ನು ಯಾರೋ ತಂತಿ ಸುತ್ತಿ ಬಿಗಿದಿದ್ದರು. ತಂತಿಯ ತುದಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ಸರಕಾರಿ ನಂಬರನ್ನು ಕಿತ್ತುಹಾಕಲು ಪ್ರಾಮಾಣಿಕ ಗುಮಾಸ್ತನಿಗೆ ಮನಸ್ಸು ಬಂದಿರಲಿಲ್ಲ. ಅಡೆಲ್ಮೊ ಆ ನಂಬರನ್ನು ಓದಿದ. ಇನ್ನೊಮ್ಮೆ ಓದಿದ.

"ಇನ್ನೂರ ಹದಿನಾಲ್ಕು" ಎಂದ, ಬಹಳ ಸಣ್ಣ ದನಿಯಲ್ಲಿ. "ಇದು ಕಪ್ಪು ಛತ್ರಿದು. ಹಿಡಿಕೆ ಮುರಿದಾಗ ನಮ್ಮನೆ ಟ್ರೇಗೆ ಇದನ್ನ ಕಟ್ಟಿದ್ದು ನಾನೇ."

ಬಾಗಿಲ ಬಳಿ ಲೋಟ ಹಿಡಿದು ನಿಂತಿದ್ದ ಜನ ಅತ್ತಿತ್ತ ಸರಿದರು. ಕೋಟಿನ ಕೆಳಗೆ ಅಡುಗೆಯ ಏಪ್ರನ್ ಕಾಣುವಂತೆ ನೊರ್ಮಾ ಒಳಗೆ ಬಂದಳು. ಟ್ರೇ ಒಂದೂವರೆಗೆ ಬರಬೇಕಿತ್ತು ಎಂದು ನನಗೆ ಹೇಳಿ, ಗಂಡನನ್ನು ನೋಡಿದಳು.

ಅಡೆಲ್ಮೊಗೆ ಸುಳ್ಳು ಹೇಳಲು ಹೊತ್ತೂ ಇರಲಿಲ್ಲ, ಸುಳ್ಳೂ ಉಳಿದಿರಲಿಲ್ಲ. ಟ್ರೇ ಎದೆಗವಚಿಕೊಂಡೇ ಬೀಗಿತ್ತಿಗೆ ಹೇಳಿದ: "ಅಡುಗೆಯವ್ರು ಇವಳೇ. ನನ್ನ ಹೆಂಡ್ತಿ."

"ಆದ್ರೆ ನಿಮ್ಮ ಹೆಂಡ್ತಿಗೆ ಇದೆಲ್ಲ..." ಎಂದು ಫೌಸ್ತೊ ಶುರುಮಾಡಿದ. ಸಾಧು ಪ್ರಾಣಿಗಳಿಂದ ಆಗುವಷ್ಟು ಅನಾಹುತ ದುಷ್ಟರಿಂದ ಆಗುವುದಿಲ್ಲ. ಈ ಸಲ ಒದ್ದದ್ದು ಪ್ರೀಮೊ, ಮತ್ತು ಬಸ್ಸಿನ ಬ್ರೇಕು ತುಳಿದ ಕಾಲು ಅದು.

"ನನಗೆ ಏನು?" ಎಂದಳು ನೊರ್ಮಾ.

ಎಲ್ಲರೂ ಎರ್ಸಿಲಿಯಳ ಬಾಯನ್ನೇ ನೋಡುತ್ತಿದ್ದರು. ಆಕೆ ನೊರ್ಮಾಳ ಕೈಗಳನ್ನು ನೋಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಹಸಿರು ಹಿಟ್ಟು ಇನ್ನೂ ಅಂಟಿತ್ತು. ಆಕೆಯೂ ಒಂದು ಕಾಲದಲ್ಲಿ ಗಂಡನಿಗೆ ಬಡಿಸಿದವಳೇ. ಅವನೂ ಏನೋ ಓದುತ್ತಾ ತಿಂದಿರಬೇಕು.

"ನಿಮಗೆ ಸಮಾನರಾದವರು ಈ ಊರಲ್ಲಿಲ್ಲವಂತೆ" ಎಂದಳು ಆಕೆ. "ನಿಮ್ಮ ಯಜಮಾನ್ರು ಆಗಿನಿಂದ ಅದೇ ಹೇಳ್ತಿದಾರೆ. ಇಂಥ ಕೈ ಇನ್ನೊಂದಿಲ್ಲ, ಮೂವತ್ತು ವರ್ಷದಿಂದ ಬಲ್ಲೆ ಅಂತ. ತಿನ್ನುವಾಗ ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೆಂಚುಗಳ ಮೇಲೆ ಕೂತಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅಡೆಲ್ಮೊ ಟ್ರೇಯನ್ನು ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕೂತ. ಇಷ್ಟು ಹಗುರಾದ ಮುಖವನ್ನು ನಾನು ಗಡ್ಡ ತೆಗೆದ ಮೇಲೂ ಯಾರಲ್ಲೂ ಕಂಡಿಲ್ಲ. ನೊರ್ಮಾ ಕೋಟು ಕಳಚಿ ಮಗಳ ಪಕ್ಕದಲ್ಲಿ ಕೂತಳು, ಮಿರೆಲ್ಲ ಅಮ್ಮನ ಭುಜಕ್ಕೆ ಮುಖ ಒತ್ತಿ ಈ ಸಲ ಸಂತೋಷಕ್ಕೆ ಅತ್ತಳು. ಸಾಂತೆ ಕೇಳದೆಯೇ ಇನ್ನೊಂದು ಲೋಟ ತಂದಿಟ್ಟ.

ಒಂದು ತೊಡಕು ಮಾತ್ರ ಉಳಿದಿತ್ತು. ಮಗಳ ಮದುವೆಯ ದಿನ ನಾನು ಹೋಟೆಲಿನ ಅಡುಗೆಮನೆಯಲ್ಲಿ ಬೇಯುವುದಿಲ್ಲ, ಎಲ್ಲರ ಜೊತೆ ಕೂತು ಉಣ್ಣುತ್ತೇನೆ ಎಂದಳು ನೊರ್ಮಾ. ನಮ್ಮ ಕಡೆಯ ಕಡುಬಿನ ಸಾರು ಇಲ್ಲದೆ ಮದುವೆಯೇ ಅಲ್ಲ ಎಂದಳು ಎರ್ಸಿಲಿಯ. ಹಾಗಿದ್ದರೆ ಹಿಂದಿನ ದಿನವೇ ಮಾಡಿಟ್ಟು ಇಬ್ಬರೂ ಕಟ್ಟಿಕೊಂಡು ಬಂದು ತಿನ್ನುವಂಥ ಜಾಗ ಒಂದು ಬೇಕಲ್ಲ ಎಂದು ಯೋಚನೆಗೆ ಕೂತರು. ಸಾಂತೆ ಕೆಮ್ಮಿದ.

ಏಪ್ರಿಲ್‌ನಲ್ಲಿ ಮದುವೆಯ ಊಟ ಅಲ್ಲೇ ಆಯಿತು. ಮೊಡೆನಾದವರು ರೈಲಿನಲ್ಲಿ ಕಡುಬಿನ ಹಂಡೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ನೊರ್ಮಾ ನಾಲ್ಕು ಟ್ರೇ ತಂದಳು. ಇನ್ನೂರ ಹದಿನಾಲ್ಕನೆಯದನ್ನು ಅಡೆಲ್ಮೊ ಯಾರ ಕೈಗೂ ಕೊಡದೆ ತಾನೇ ಹೊತ್ತು ತಂದ. ಯಾರ ಅಡುಗೆ ಹೆಚ್ಚು ಎಂಬ ಚರ್ಚೆ ಸಂಜೆಯವರೆಗೆ ನಡೆದು, ಎರಡೂ ಕಡೆಯವರು ಗೆದ್ದೆವೆಂದುಕೊಂಡು ಎದ್ದರು. ಪ್ರವಾಸಿಗಳು ಊಟ ಎಲ್ಲಿ ಎಂದು ಕೇಳಿದರೆ ಅಡೆಲ್ಮೊ ಈಗ, ನಾನು ಮನೆಯಲ್ಲಿ ಊಟ ಮಾಡುವವನು, ನನಗೆ ತಿಳಿಯದು ಎನ್ನುತ್ತಾನೆ. ಫುಟ್‌ಬಾಲ್ ಪುಟವನ್ನು ನನ್ನ ಅಂಗಡಿಯಲ್ಲೇ ಓದಿ ಮುಗಿಸಿ ಮೇಲೆ ಹೋಗುತ್ತಾನೆ.

ಮದುವೆಯ ದಿನ ನೊರ್ಮಾಳ ಲೋಟಕ್ಕೆ ವೈನು ಸುರಿಯುತ್ತಾ ನಾನು ಕೇಳಿದ್ದೆ, ಆವತ್ತು ಬಾಗಿಲಿಗೆ ಬಂದದ್ದು ಎಷ್ಟು ಹೊತ್ತಿಗೆ ಎಂದು.

"ಒಂದೂವರೆಗೆ. ಹೇಳಿದ ಹೊತ್ತಿಗೆ ಸರಿಯಾಗಿ."

ನಾನು ಮನಸ್ಸಿನಲ್ಲೇ ಗಡಿಯಾರ ಹಿಂದಕ್ಕೆ ತಿರುಗಿಸಿದೆ. ಅವಳು ಒಳಗೆ ಬಂದಾಗ ಎರಡಕ್ಕೆ ಹತ್ತಿರವಾಗಿತ್ತು. ಲೋಟ ತುಂಬಿದ್ದು ತಿಳಿಯದೆ ವೈನು ಮೇಜಿನ ಮೇಲೆ ಚೆಲ್ಲಿತು. ಹಾಗಾದರೆ ಅಡೆಲ್ಮೊ ಹೆಂಡತಿಯ ಬಗ್ಗೆ ಆ ಮಾತಾಡುವಾಗ ಅವಳು ಬಾಗಿಲ ಬಳಿಯ ಜನರ ಹಿಂದೆ ನಿಂತಿದ್ದಳು.

"ಇದೆಲ್ಲ ನನಗೆ ಬರೋದಿಲ್ಲ ಅಂದಿದ್ದಾ? ಕೇಳಿಸ್ತಲ್ಲ" ಎಂದಳು ನೊರ್ಮಾ, ಚೆಲ್ಲಿದ ವೈನನ್ನು ಒರೆಸುತ್ತಾ. "ಅದನ್ನ ಹೇಳ್ತಾ ಹೇಳ್ತಾನೇ ಮೂರನೇ ಸಲ ಬಡಿಸ್ಕೊತಿದ್ದ ಕಣೋ. ನಾನು ಅವನ ಬಾಯಿ ನೋಡ್ಲಿಲ್ಲ, ತಟ್ಟೆ ನೋಡಿದೆ."